ಕ್ಲಾಸ್ ಬರೆಯುವ ಮೊದಲು ದಾಸ್ತಾನು ಮೈನಸ್ ಆಗಲಿ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಂದ ಪದವಿಗೆ ಬರುವ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುತ್ತ ಬಂದಿರುವ ನನಗೆ, ಸಿ ಭಾಷೆಗಿಂತ ಅದರ ಬೆನ್ನಿಗೇ ಬರುವ ಆಬ್ಜೆಕ್ಟ್ ಓರಿಯೆಂಟೆಡ್ ಪಾಠವೇ (ಮಾಹಿತಿಯನ್ನೂ ಅದರ ಮೇಲೆ ನಡೆಯುವ ಕೆಲಸವನ್ನೂ ಕ್ಲಾಸ್ ಎಂಬ ಒಂದೇ ಅಚ್ಚಿನಲ್ಲಿ ಕೂಡಿಸಿ, ಅದರಿಂದ ಆಬ್ಜೆಕ್ಟ್‌ಗಳನ್ನು ತಯಾರಿಸುವ ಕ್ರಮ) ಹೆಚ್ಚು ತೊಡಕಿನದಾಗಿ ಕಂಡಿದೆ. ಎನ್‌ಕ್ಯಾಪ್ಸುಲೇಶನ್ (ಮಾಹಿತಿಯನ್ನು ಒಳಗಿಟ್ಟು ಕಾಯುವುದು), ಇನ್‌ಹೆರಿಟೆನ್ಸ್ (ಒಂದು ಕ್ಲಾಸಿನಿಂದ ಇನ್ನೊಂದನ್ನು ಹುಟ್ಟಿಸುವುದು), ಪಾಲಿಮಾರ್ಫಿಸಂ (ಒಂದೇ ಕರೆಗೆ ಪ್ರತಿಯೊಂದು ಕ್ಲಾಸೂ ತನ್ನದೇ ರೀತಿಯಲ್ಲಿ ಕೆಲಸ ಮಾಡುವುದು) ಇವುಗಳ ವ್ಯಾಖ್ಯೆಯನ್ನು ಅವರು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುತ್ತಾರೆ. ನಾಯಿಯ ಕ್ಲಾಸ್ ಪ್ರಾಣಿಯ ಕ್ಲಾಸಿನಿಂದ ಹುಟ್ಟುತ್ತದೆ ಎಂಬ ಉದಾಹರಣೆಯನ್ನೂ ಕೊಡುತ್ತಾರೆ. ಲ್ಯಾಬಿನಲ್ಲಿ ಅವರ ಜಾವಾ ಪ್ರೋಗ್ರಾಂ ತೆರೆದರೆ ಮಾತ್ರ ಒಂದೇ ಕ್ಲಾಸು, ಒಳಗೆಲ್ಲ ಯಾವ ಆಬ್ಜೆಕ್ಟೂ ಬೇಡದ ಸ್ಟ್ಯಾಟಿಕ್ ಮೆಥಡ್‌ಗಳು (ಮೆಥಡ್ ಎಂದರೆ ಕ್ಲಾಸಿನೊಳಗೆ ಬರೆದ, ಒಂದು ಕೆಲಸದ ಆದೇಶಗಳ ಕಟ್ಟು): ವೇಷ ಬದಲಿಸಿದ ಸಿ ಪ್ರೋಗ್ರಾಂ.

ಮಕ್ಕಳನ್ನು ದೂರುವಂತಿಲ್ಲ. ಕ್ಲಾಸ್ ಯಾವ ತೊಂದರೆಯನ್ನು ನಿವಾರಿಸಲು ಬಂತೋ ಆ ತೊಂದರೆಯನ್ನೇ ಅವರು ಕಂಡಿರುವುದಿಲ್ಲ.

ಆದ್ದರಿಂದ ಅಡಿಕೆ ಅಂಗಡಿಯ ಲೆಕ್ಕವನ್ನು ನಾನು ಮೊದಲು ಸಿ ಭಾಷೆಯಲ್ಲೇ ಬರೆಸುತ್ತೇನೆ. ದಾಸ್ತಾನು ಒಂದು ಗ್ಲೋಬಲ್ ವೇರಿಯೆಬಲ್, ಅಂದರೆ ಪ್ರೋಗ್ರಾಮಿನ ಯಾವ ಭಾಗವೂ ಬದಲಿಸಬಹುದಾದ ಅಂಕಿ. ಖರೀದಿಗೊಂದು, ಮಾರಾಟಕ್ಕೊಂದು, ಒಣಗಿ ಇಳಿದ ತೂಕವನ್ನು ಕಳೆಯುವುದಕ್ಕೊಂದು ಫಂಕ್ಷನ್ (ಒಂದು ಕೆಲಸದ ಆದೇಶಗಳ ಕಟ್ಟು). 60 ಸಾಲುಗಳವರೆಗೆ ಎಲ್ಲವೂ ನೆಟ್ಟಗಿರುತ್ತದೆ. ಆಮೇಲೆ ಹಿಂದಿರುಗಿದ ಮಾಲು, ಬಿಲ್ಲಿನ ತಿದ್ದುಪಡಿ ಎಂದು ಒಬ್ಬೊಬ್ಬರಿಂದ ಒಂದೊಂದು ಫಂಕ್ಷನ್ ಸೇರಿಸುತ್ತ ಹೋದರೆ, ಒಂದು ದಿನ ಪರದೆಯ ಮೇಲೆ ದಾಸ್ತಾನು ಮೈನಸ್ 40 ಕಿಲೋ ಎಂದು ಮೂಡುತ್ತದೆ. ಮಾರಾಟದ ಫಂಕ್ಷನ್ನಿನಲ್ಲಿ ಇರುವಷ್ಟೇ ಮಾರಬೇಕೆಂಬ ತಪಾಸಣೆ ಇದೆ. ಒಣಗಿನ ಫಂಕ್ಷನ್ ಬರೆದವನು ಅದನ್ನು ಮರೆತಿದ್ದಾನೆ. ಅದನ್ನು ಹುಡುಕಲು ಆ ವೇರಿಯೆಬಲ್ಲನ್ನು ಮುಟ್ಟುವ ಪ್ರತಿಯೊಂದು ಸಾಲನ್ನೂ ಓದಬೇಕಾಗುತ್ತದೆ, ನಾನು ಓದಿಸುತ್ತೇನೆ ಕೂಡ. ಮರುದಿನ ದಾಸ್ತಾನನ್ನು ಕ್ಲಾಸಿನೊಳಗೆ ಪ್ರೈವೇಟ್ (ಹೊರಗಿನ ಸಾಲುಗಳು ಮುಟ್ಟಲಾಗದಂತೆ) ಮಾಡಿ, ಕಳೆಯುವುದಕ್ಕೆ ಒಂದೇ ಮೆಥಡ್ ಇಟ್ಟು, ತಪಾಸಣೆಯನ್ನು ಅಲ್ಲಿ ಬರೆದಾಗ ಎನ್‌ಕ್ಯಾಪ್ಸುಲೇಶನ್ ಎಂಬುದನ್ನು ಬಾಯಿಪಾಠ ಮಾಡಬೇಕಾಗುವುದಿಲ್ಲ. (ಸಿ ಭಾಷೆಯಲ್ಲೂ ಆ ವೇರಿಯೆಬಲ್ಲನ್ನು ಪ್ರತ್ಯೇಕ ಫೈಲಿನಲ್ಲಿ ಸ್ಟ್ಯಾಟಿಕ್, ಇಲ್ಲಿ ಆ ಫೈಲಿನಾಚೆ ಕಾಣದ್ದು, ಎಂದು ಘೋಷಿಸಿ ಇಷ್ಟು ಕಾವಲು ಒದಗಿಸಬಹುದು; ಅದನ್ನು ಪಾಠದಲ್ಲಿ ಹೇಳುವವರು ಕಡಿಮೆ.)

ಇತಿಹಾಸದ ದಾರಿಯೂ ಇದೇ. ಕೇಂಬ್ರಿಜ್‌ನಲ್ಲಿ ಸಂಶೋಧನೆ ಮಾಡುವಾಗ ಕ್ಲಾಸುಗಳಿದ್ದ ನಾರ್ವೆಯ ಸಿಮ್ಯುಲಾ ಭಾಷೆಯನ್ನು ಬಳಸಿದ್ದ ಬ್ಯಾರ್ನೆ ಸ್ಟ್ರೌಸ್ಟ್ರಪ್, ದೊಡ್ಡ ಪ್ರೋಗ್ರಾಮನ್ನು ಜೋಡಿಸಲು ಅದು ಎಷ್ಟು ಅನುಕೂಲವೋ ಓಟದಲ್ಲಿ ಅಷ್ಟೇ ನಿಧಾನವೆಂದು ಕಂಡುಕೊಂಡು, 1979ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ಸಿ ಭಾಷೆಗೆ ಕ್ಲಾಸುಗಳನ್ನು ಸೇರಿಸತೊಡಗಿದರು. 1983ರಲ್ಲಿ ಅದಕ್ಕೆ ಸಿ ಪ್ಲಸ್ ಪ್ಲಸ್ ಎಂಬ ಹೆಸರು ಬಂತು.

ಇನ್‌ಹೆರಿಟೆನ್ಸ್ ವಿಷಯದಲ್ಲಿ ನನ್ನದು ಬಿಗಿ ಕೈ. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ (ಅಡಿಕೆಯ ಇನ್ನೊಂದು ದರ್ಜೆ) ಎಂದು ಮೂರು ಕ್ಲಾಸ್ ಬರೆದು ತಂದವರನ್ನು, ಇವುಗಳಲ್ಲಿ ದರದ ಹೊರತು ಬೇರೆ ಏನು ವ್ಯತ್ಯಾಸವಿದೆ ಎಂದು ಕೇಳುತ್ತೇನೆ. ದರ ಮಾತ್ರ ಬೇರೆಯಾದರೆ ಒಂದು ದರಪಟ್ಟಿ ಸಾಕು. ಒಂದಕ್ಕೆ ಒಣಗಿನ ಕಳೆತ ಉಂಟು, ಇನ್ನೊಂದಕ್ಕಿಲ್ಲ ಎಂದು ಲೆಕ್ಕ ಹಾಕುವ ಕ್ರಮವೇ ಬೇರೆಯಾಗಿ, ಯಾವ ಬಗೆಯೆಂದು ನೋಡಿ ದಾರಿ ಆರಿಸುವ ಅದೇ ಸ್ವಿಚ್ ನಾಲ್ಕು ಕಡೆ ಮರುಕಳಿಸತೊಡಗಿದಾಗ ಪಾಲಿಮಾರ್ಫಿಸಂಗೆ ಕೆಲಸ ಬರುತ್ತದೆ.

ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ನಾನು ವ್ಯಾಖ್ಯೆ ಕೇಳುವುದಿಲ್ಲ. ಪ್ರೈವೇಟ್ ಎಂಬ ಪದವನ್ನು ಅಳಿಸಿದರೆ ನಿನ್ನ ಪ್ರೋಗ್ರಾಮಿಗೆ ಏನಾಗುತ್ತದೆ ಎಂದು ಕೇಳುತ್ತೇನೆ. ಹೆಚ್ಚಿನವರು ಎರರ್ ಬರುತ್ತದೆ ಎನ್ನುತ್ತಾರೆ. ಕಳೆದ ಸಲ ಒಬ್ಬಳು, "ಇವತ್ತು ಏನೂ ಆಗುವುದಿಲ್ಲ ಸರ್, ನಾಳೆ ಇನ್ನೊಬ್ಬರು ಒಣಗಿನ ಫಂಕ್ಷನ್ ಬರೆಯುವವರೆಗೆ" ಎಂದಳು.