ಪಾರ್ಸೆಲ್ ಡ್ರೋನ್: ಹಾರಿಸುವುದಲ್ಲ, ಇಳಿಸುವುದೇ ಪಜೀತಿ

ಡ್ರೋನಿನಲ್ಲಿ ಪಾರ್ಸೆಲ್ ಎಂದ ಕೂಡಲೇ ಜನ ಕೇಳುವುದು ಎರಡೇ ಪ್ರಶ್ನೆ: ಎಷ್ಟು ದೂರ ಹೋಗುತ್ತೆ, ಎಷ್ಟು ಭಾರ ಹೊರುತ್ತೆ? ಇವಕ್ಕೆ ಉತ್ತರ ಸಿಕ್ಕಿ ವರ್ಷಗಳೇ ಆದವು. 2021ರ ಅಕ್ಟೋಬರಿನಲ್ಲಿ ಮಣಿಪುರದ ಬಿಷ್ಣುಪುರ ಜಿಲ್ಲಾ ಆಸ್ಪತ್ರೆಯಿಂದ ಲೋಕ್ತಕ್ ಸರೋವರದ ಕರಾಂಗ್ ದ್ವೀಪಕ್ಕೆ ಲಸಿಕೆ ಹೋಯಿತು. ರಸ್ತೆಯಲ್ಲಿ 26 ಕಿ.ಮೀ. ಇರುವ ಜಾಗಕ್ಕೆ ಆಕಾಶದಲ್ಲಿ 15 ಕಿ.ಮೀ., ಹಿಡಿದದ್ದು 12ರಿಂದ 15 ನಿಮಿಷ. ಮರುವರ್ಷ ಅಂಚೆ ಇಲಾಖೆ ಕಚ್ಛ್ ಜಿಲ್ಲೆಯಲ್ಲಿ 46 ಕಿ.ಮೀ. ದೂರಕ್ಕೆ 25 ನಿಮಿಷದಲ್ಲಿ ಪಾರ್ಸೆಲ್ ಮುಟ್ಟಿಸಿತು. ಇಂಥ ಹಾರಾಟಗಳಲ್ಲಿ ಇಳಿಯುವ ಜಾಗ ಮೊದಲೇ ಗೊತ್ತಿರುತ್ತದೆ, ಕೆಳಗೆ ಸಿಬ್ಬಂದಿ ಕಾದಿರುತ್ತಾರೆ. ಬೆಂಗಳೂರಿನ 30×40 ಸೈಟಿನ ಮೇಲೆ ಎದ್ದ ಮೂರಂತಸ್ತಿನ ಮನೆಗೆ ಕಳಿಸಿ ನೋಡಿ. ಐದು ಕಿಲೋಮೀಟರ್ ದಾರಿಯುದ್ದಕ್ಕೂ ತಕರಾರು ಮಾಡದ ಯಂತ್ರ ಕೊನೆಯ ಮೂವತ್ತು ಮೀಟರಿನಲ್ಲಿ ಬೆವರಿಳಿಸುತ್ತದೆ.

ಮೊದಲು ಬ್ಯಾಟರಿ ಲೆಕ್ಕ ನೋಡೋಣ, ಇಳಿಸುವ ಕಷ್ಟಗಳೆಲ್ಲ ಬಂದು ಸೇರುವುದು ಅಲ್ಲಿಗೇ. ಬ್ಯಾಟರಿ ಸೇರಿ 8 ಕಿಲೋ ತೂಗುವ ಆರು ಮೋಟರಿನ ಡ್ರೋನ್, ಅದರ ಮೇಲೆ 2 ಕಿಲೋ ಹೊರೆ ಎಂದುಕೊಳ್ಳಿ. ತೂಕ ಕಾಲು ಪಾಲು ಹೆಚ್ಚಿದರೆ, ನಿಂತಲ್ಲೇ ತೇಲಲು ಬೇಕಾದ ಶಕ್ತಿ ಕಾಲು ಪಾಲಷ್ಟೇ ಹೆಚ್ಚುವುದಿಲ್ಲ, ಶೇ. 40ರಷ್ಟು ಏರುತ್ತದೆ. ಖಾಲಿ ಇದ್ದಾಗ ಸುಮಾರು 1,220 ವಾಟ್ ಸಾಕಾಗಿದ್ದರೆ ಹೊರೆಯೊಂದಿಗೆ 1,700 ಬೇಕು. ಮುಂದಕ್ಕೆ ಹಾರುವಾಗಲೂ ಹೆಚ್ಚುಕಡಿಮೆ ಇದೇ ಲೆಕ್ಕ. 12 ಸೆಲ್‌ನ 16,000 ಎಂಎಎಚ್ ಬ್ಯಾಟರಿ ಪ್ಯಾಕಿನಲ್ಲಿರುವುದು 710 ವಾಟ್-ಅವರ್, ಅಂದರೆ ಒಂದು ಗಂಟೆ ಕಾಲ 710 ವಾಟ್ ಕೊಡುವಷ್ಟು. ತುರ್ತಿಗೆಂದು ಶೇ. 20, ಪ್ಯಾಕ್ ಹಳತಾಗುವ ಬಾಬ್ತಿಗೆ ಶೇ. 10 ತೆಗೆದಿಟ್ಟರೆ ಕೈಗೆ ಉಳಿಯುವುದು 500.

ಈಗ ಗಾಳಿ. ಆಷಾಢದಲ್ಲಿ ಸೆಕೆಂಡಿಗೆ 8 ಮೀಟರ್ ಬೀಸುವುದೇನೂ ದೊಡ್ಡದಲ್ಲ. ಡ್ರೋನಿನ ವೇಗ 15 ಮೀಟರ್ ಆದರೆ ಬೆನ್ನಗಾಳಿಯಲ್ಲಿ 5 ಕಿ.ಮೀ.ಗೆ ಮೂರೂವರೆ ನಿಮಿಷ, ಎದುರುಗಾಳಿಯಲ್ಲಿ 12 ನಿಮಿಷ. ಹೊರೆ ಹೊತ್ತು ಬೆನ್ನಗಾಳಿಯಲ್ಲಿ ಹೋಗಲು 100 ವಾಟ್-ಅವರ್, ಮೇಲೇರಲು 25, ಪಾರ್ಸೆಲ್ ಇಳಿಸುತ್ತ ಎರಡು ನಿಮಿಷ ನಿಂತರೆ 57, ಖಾಲಿಯಾಗಿ ಎದುರುಗಾಳಿಯಲ್ಲಿ ಮರಳಲು 240. ಒಟ್ಟು 420 ಚಿಲ್ಲರೆ. ಗ್ರಾಹಕರು ಫೋನ್ ಎತ್ತದೆ, ತಾರಸಿಯ ಬಾಗಿಲು ತೆಗೆಯದೆ ಇನ್ನು ಮೂರು ನಿಮಿಷ ನಿಲ್ಲಬೇಕಾಯಿತೋ, 85 ಹೋಯಿತು, 500 ದಾಟಿತು. ಆದ್ದರಿಂದ ಕಾಯುವ ಮಿತಿಯನ್ನು ಹಾರುವ ಮೊದಲೇ ಯಂತ್ರಕ್ಕೆ ತುಂಬಬೇಕು. ಮಿತಿ ಮೀರಿದರೆ ಪಾರ್ಸೆಲ್ ಸಮೇತ ವಾಪಸ್. ಆದರೆ ಹೊರೆಯೊಂದಿಗೆ ಎದುರುಗಾಳಿಯಲ್ಲಿ ಮರಳಲು ಬೇಕಾದ್ದು 240 ಅಲ್ಲ, 340. ಯೋಜನೆ ಮಾಡುವಾಗ ಈ ಒಂದು ಸಾಲನ್ನು ಮರೆಯುವುದು ಸುಲಭ. ಹೋಗುವಾಗಲೇ ಎದುರುಗಾಳಿ ಇದ್ದರೆ ಎಷ್ಟೋ ವಾಸಿ, ಬ್ಯಾಟರಿ ಮೀಟರ್ ಬೇಗ ಇಳಿಯುವುದು ಕಣ್ಣಿಗೆ ಕಾಣುತ್ತದೆ, ತಿರುಗಿ ಬಂದರಾಯಿತು. ಬೆನ್ನಗಾಳಿ ಮಾತ್ರ ನಗುನಗುತ್ತಾ ಕೈಕೊಡುತ್ತದೆ.

ಇಳಿಸುವ ಕೆಲಸಕ್ಕೆ ಬರೋಣ. ನಮ್ಮ ತಾರಸಿಗಳ ಮೇಲೆ ಏನಿರುತ್ತದೆ ಎಂದು ಎಲ್ಲರಿಗೂ ಗೊತ್ತು: ನೀರಿನ ಟ್ಯಾಂಕು, ಸೋಲಾರ್ ಹೀಟರ್, ಬಟ್ಟೆ ತಂತಿ, ಪಕ್ಕದ ಕಂಬದಿಂದ ಹಾದುಹೋದ ಕೇಬಲ್ ವೈರು. ಬೆರಳಿಗಿಂತ ತೆಳ್ಳಗಿನ ವೈರು ಕ್ಯಾಮೆರಾಕ್ಕೆ ಸಿಗುವುದೇ ಅನುಮಾನ. ತಂತಿಗೆ ಸಿಕ್ಕಿದ ಗಾಳಿಪಟದ ಮಾಂಜಾ ಮೋಟರಿಗೆ ಸುತ್ತಿಕೊಂಡರೆ ಆರರಲ್ಲಿ ಒಂದು ನಿಂತಿತು ಅಂತಲೇ ಲೆಕ್ಕ. ಆರು ಮೋಟರಿನದು ಹೇಗೋ ಇಳಿದೀತು, ನಾಲ್ಕರದು ಬೀಳುತ್ತದೆ. ಕೆಳಗೆ ಬಂದಷ್ಟೂ ರೆಕ್ಕೆಯ ಗಾಳಿ ಒಣಗಲು ಹಾಕಿದ ಸೀರೆಯನ್ನು ಎಬ್ಬಿಸುತ್ತದೆ. ನೇರ ಕೆಳಕ್ಕೆ ಅವಸರದಿಂದ ಇಳಿದರೆ ಡ್ರೋನ್ ತಾನೇ ಕೆಳಗೆ ತಳ್ಳಿದ ಗಾಳಿಯೊಳಗೆ ಸಿಕ್ಕಿ ಎತ್ತುವ ಬಲ ಕಳೆದುಕೊಳ್ಳುತ್ತದೆ. ಸೆಕೆಂಡಿಗೆ ಎರಡು ಮೀಟರಿಗಿಂತ ನಿಧಾನ ಇಳಿಸುವುದು, ಸ್ವಲ್ಪ ಓರೆಯಾಗಿ ಇಳಿಸುವುದು ಅದಕ್ಕೇ.

ಈ ಕಾರಣಕ್ಕೇ ಡ್ರೋನನ್ನು ಮೇಲೆಯೇ ನಿಲ್ಲಿಸಿ, ವಿಂಚ್‌ನಿಂದ, ಅಂದರೆ ಹಗ್ಗ ಸುತ್ತಿ ಬಿಚ್ಚುವ ರಾಟೆಯಿಂದ, ಹಗ್ಗ ಬಿಟ್ಟು ಪೆಟ್ಟಿಗೆ ಇಳಿಸುವ ಪದ್ಧತಿ ಬಂತು. ಹತ್ತು ಮೀಟರ್ ಹಗ್ಗದ ತುದಿಯ ಪೆಟ್ಟಿಗೆ ಲೋಲಕದ ಹಾಗೆ. ಒಂದು ಸಲ ಆಚೀಚೆ ತೂಗಲು ಆರು ಸೆಕೆಂಡಿಗೂ ಹೆಚ್ಚು. ತೂಗಾಟ ನಿಲ್ಲಿಸಲು ಹೋಗಿ ಡ್ರೋನ್ ತಾನೂ ಅಲುಗಿದರೆ ಅದು ಇನ್ನೂ ಜೋರಾಗುತ್ತದೆ. ತುದಿಯ ಕೊಕ್ಕೆ ಹಗ್ಗ ಸಡಿಲವಾದರೆ ಬಿಚ್ಚಿಕೊಳ್ಳುವಂಥದ್ದು, ನೆಲ ಮುಟ್ಟಿತೆಂದು ಅದಕ್ಕೆ ತಿಳಿಯುವುದೇ ಹಾಗೆ. ಪ್ಯಾರಪೆಟ್ ಗೋಡೆಗೋ ಟ್ಯಾಂಕಿನ ಮುಚ್ಚಳಕ್ಕೋ ಪೆಟ್ಟಿಗೆ ತಾಗಿದರೂ ಹಗ್ಗ ಸಡಿಲವೇ. ಕೊಕ್ಕೆ ಬಿಚ್ಚುತ್ತದೆ, ಪೆಟ್ಟಿಗೆ ರಸ್ತೆಗೆ ಬೀಳುತ್ತದೆ. ಪರಿಹಾರ ಸರಳ: ಬಿಟ್ಟ ಹಗ್ಗದ ಉದ್ದವೂ ಹೊಟ್ಟೆಯಡಿಯ ಲೇಸರ್ ಅಳೆದ ಎತ್ತರವೂ ಹೊಂದಿದರೆ ಮಾತ್ರ ಬಿಚ್ಚಲು ಬಿಡಬೇಕು. ಹಗ್ಗ ಕೊಂಬೆಗೆ ಸಿಕ್ಕಿದರೆ ಕತ್ತರಿಸಿಕೊಂಡು ಹೋಗುವ ಕಟರ್ ವಿಂಚ್‌ನಲ್ಲೇ ಇರಬೇಕು. ಅದಿಲ್ಲದ ಡ್ರೋನನ್ನು ಮನೆಗಳ ಮೇಲೆ ಹಾರಿಸಲೇಬಾರದು.

ಜಾಗದ ಗುರುತಿನ ಗೋಳು ಬೇರೆ. ಸಾಮಾನ್ಯ ಜಿಪಿಎಸ್ ಬಯಲಿನಲ್ಲೇ ಮೂರರಿಂದ ಐದು ಮೀಟರ್ ತಪ್ಪಬಹುದು. ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ಗೋಡೆಗೆ ಬಡಿದು ಬಂದರೆ ಇನ್ನೂ ಜಾಸ್ತಿ. ಮೂವತ್ತು ಅಡಿ ಅಗಲದ ಸೈಟಿನಲ್ಲಿ ಐದು ಮೀಟರ್ ಎಂದರೆ ಪಕ್ಕದ ಮನೆ. ಆ್ಯಪಿನಲ್ಲಿ ಗ್ರಾಹಕರು ಒತ್ತಿದ ಪಿನ್ ಬಹುತೇಕ ಗೇಟಿನ ಮುಂದಿನ ರಸ್ತೆಯ ಮೇಲಿರುತ್ತದೆ. ಮೊದಲ ಸಲ ಯಾರಾದರೂ ಹೋಗಿ ಅಳೆದು, ಒಂದು ಮೀಟರ್ ಚೌಕದ ಕಪ್ಪುಬಿಳುಪು ಗುರುತಿನ ಚಾಪೆ ಹಾಸಿ ಬಂದರೆ ಕ್ಯಾಮೆರಾ ಅದನ್ನು ಹಿಡಿದು ಇಳಿಯುತ್ತದೆ. ದಿಕ್ಸೂಚಿಯನ್ನು ಮಾತ್ರ ಆರ್‌ಸಿಸಿ ತಾರಸಿಯ ಮೇಲೆ ಕ್ಯಾಲಿಬ್ರೇಟ್ ಮಾಡಬೇಡಿ. ಒಳಗಿನ ಕಬ್ಬಿಣ ಅದನ್ನು ದಾರಿ ತಪ್ಪಿಸುತ್ತದೆ, ಮೇಲೇರಿದ ಡ್ರೋನ್ ನಿಂತಲ್ಲಿ ನಿಲ್ಲದೆ ಗಾಣದೆತ್ತಿನಂತೆ ಸುತ್ತತೊಡಗುತ್ತದೆ.

ಕಾನೂನು ಗೊಂದಲದ್ದೇನಲ್ಲ, ಬಿಗಿಯಾದದ್ದು. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 400 ಅಡಿವರೆಗೆ ಅನುಮತಿ ಬೇಡ, ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿ.ಮೀ. ನಡುವೆ 200 ಅಡಿವರೆಗೆ. ಅದಕ್ಕಿಂತ ಹತ್ತಿರ ಬಂದರೆ ನೆಲದಿಂದಲೇ ಅನುಮತಿ ಬೇಕು. ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ನಿಲ್ದಾಣಗಳ ಸುತ್ತ ವೃತ್ತ ಎಳೆದು ನೋಡಿದರೆ ಬೆಂಗಳೂರಿನಲ್ಲಿ ಏನು ಉಳಿಯಿತೆಂದು ತಿಳಿಯುತ್ತದೆ. ಕಣ್ಣಳತೆ ಮೀರಿ ಹಾರಿಸಲು ಪ್ರತ್ಯೇಕ ಒಪ್ಪಿಗೆ. ಅಂಥ ಪ್ರಯೋಗ 2021ರ ಜೂನಿನಲ್ಲಿ ನಡೆದದ್ದು ನಗರದಲ್ಲಲ್ಲ, ಗೌರಿಬಿದನೂರಿನ ಬಯಲಿನಲ್ಲಿ.

ಅಪಾರ್ಟ್‌ಮೆಂಟುಗಳಿಗೆ ಸದ್ಯ ಹೊಂದುವುದು ತಾರಸಿಯ ಮೂಲೆಯಲ್ಲಿ ಬಲೆ ಕಟ್ಟಿದ ಒಂದೇ ಜಾಗ, ಅಲ್ಲೊಬ್ಬ ಗಾರ್ಡ್. ಅವರಿಗೆ ಹೇಳಿಕೊಡಬೇಕಾದ್ದು ಇಷ್ಟೇ: ಕೊಕ್ಕೆ ಬಿಚ್ಚಿ ಹಗ್ಗ ಪೂರ್ತಿ ಮೇಲೆ ಹೋಗುವವರೆಗೆ ಪೆಟ್ಟಿಗೆ ಮುಟ್ಟಬೇಡಿ. ಹಗ್ಗವನ್ನಂತೂ ಎಳೆಯಲೇಬೇಡಿ. ಎಳೆದರೆ ಭಾರ ಹೆಚ್ಚಿತೆಂದು ಡ್ರೋನ್ ಮೋಟರಿಗೆ ಜೋರು ಕೊಡುತ್ತದೆ, ಕೈ ಬಿಟ್ಟ ಕ್ಷಣ ಮೇಲಕ್ಕೆ ಚಿಮ್ಮುತ್ತದೆ. ಅಲ್ಲೇ ಮೇಲೆ ಕೇಬಲ್ ವೈರು ಇರುತ್ತದೆ.