ನೀರಿನ ಮೇಲೆ ನಂಬಿಕೆ ಇಟ್ಟ ಖಜಾಂಚಿಯ ಕೋಟೆಮನೆ

ಫ್ರಾನ್ಸಲ್ಲಿ ಕೋಟೆಮನೆಗಳಿಗೇನೂ ಬರ ಇಲ್ಲ, ಆದ್ರೆ ಆಂಜೆ ಊರಿನ ಉತ್ತರಕ್ಕಿರೋ ಪ್ಲೆಸಿ-ಬೂರೆ ಮಾತ್ರ ನಂಗೆ ಸಖತ್ ಇಷ್ಟ. 1468ರಲ್ಲಿ ಶುರು ಮಾಡಿ ನಾಲ್ಕೈದು ವರ್ಷದಲ್ಲೇ ಮುಗಿಸಿಬಿಟ್ರು, ಅದಕ್ಕೇ ಮೇಲಿಂದ ಕೆಳಗಿನವರೆಗೂ ಒಂದೇ ಪ್ಲಾನ್ ಕಾಣತ್ತೆ. ಕಟ್ಸಿದೋನು ಜಾನ್ ಬೂರೆ, ರಾಜ 11ನೇ ಲೂಯಿಯ ಹಣಕಾಸು ನೋಡ್ಕೊಳ್ತಿದ್ದೋನು. ದೊಡ್ಡ ಸಾಮಂತರ ಮನೆತನ ಅಲ್ಲ, ಲೆಕ್ಕಪತ್ರ ಬರ್ಕೊಂಡೇ ಮೇಲೆ ಬಂದ ಆಸಾಮಿ, ಮನೆ ಕಟ್ಟುವಾಗ್ಲೂ ಆ ಬುದ್ಧಿ ಬಿಟ್ಟಿಲ್ಲ.

ಆಗ ಟೈಮ್ ಹೇಗಿತ್ತು ಅಂದ್ರೆ, ಇಂಗ್ಲೆಂಡ್ ಜೊತೆಗಿನ ನೂರು ವರ್ಷದ ಯುದ್ಧ 1453ರಲ್ಲಿ ಮುಗಿದಿತ್ತು, ಫಿರಂಗಿ ಬಂದ್ಮೇಲೆ ಎತ್ತರದ ಗೋಡೆ ಅನ್ನೋದು ಗುರಿ ಇಡೋಕೆ ಸುಲಭ ಅಂತ ಎಲ್ರಿಗೂ ಗೊತ್ತಾಗಿತ್ತು. ಹಾಗಾಗಿ ಬೂರೆ ಗೋಡೆಗಿಂತ ಜಾಸ್ತಿ ನೀರನ್ನ ನಂಬಿದ. ಮನೆ ಸುತ್ತ ಇರೋದು ಕಂದಕ ಅನ್ನೋದಕ್ಕಿಂತ ಕೆರೆ ಅನ್ನಬಹುದು, ಅದನ್ನ ದಾಟೋ ಕಲ್ಲಿನ ಸೇತುವೆನೇ 40 ಮೀಟರಿಗಿಂತ ಉದ್ದ ಇದೆ. ಕೋಟೆ ಬೀಳ್ಸೋಕೆ ಆಗಿನ ಒಂದು ಉಪಾಯ ಏನಂದ್ರೆ ಗೋಡೆ ಕೆಳಗೆ ಸುರಂಗ ಕೊರೆದು, ಮರದ ಕಂಬ ಕೊಟ್ಟು, ಆಮೇಲೆ ಕಂಬಕ್ಕೆ ಬೆಂಕಿ ಇಡೋದು, ಮೇಲಿದ್ದ ಗೋಡೆ ತಾನಾಗೇ ಕುಸಿಯತ್ತೆ. ಇಲ್ಲಿ ಸುರಂಗ ಕೊರೆಯೋಕೆ ಹೋದ್ರೆ ನೀರೇ ನುಗ್ಗತ್ತೆ. ಗೋಡೆ ಬುಡದಲ್ಲಿ ಸುತ್ತಲೂ ಸುಮಾರು 3 ಮೀಟರ್ ಅಗಲದ ಕಟ್ಟೆ ಬೇರೆ ಇದೆ, ಫಿರಂಗಿ ಇಟ್ಕೊಂಡು ನೀರಿನ ಮಟ್ಟಕ್ಕೇ ಹೊಡೀಬಹುದು.

ಬಾಗಿಲಲ್ಲಿರೋ ಎತ್ತೋ ಸೇತುವೆ ಇವತ್ತಿಗೂ ಕೆಲ್ಸ ಮಾಡತ್ತೆ, ಗಾಡಿಗೆ ಒಂದು, ನಡ್ಕೊಂಡು ಬರೋರಿಗೆ ಚಿಕ್ಕದೊಂದು. ತತ್ವ ನಮ್ಮ ಬಾವಿ ಏತದ್ದೇ: ಉದ್ದನೆ ತೊಲೆಯ ಹೊರತುದಿಗೆ ಸರಪಳಿಯಲ್ಲಿ ಸೇತುವೆ, ಒಳತುದಿಗೆ ಭಾರ, ಎರಡೂ ಕಡೆ ಹೆಚ್ಚುಕಮ್ಮಿ ಸಮ ಆದ್ರೆ ನಾಲ್ಕು ಜನ ಸಾಕು ಎತ್ತೋಕೆ.

ರಕ್ಷಣೆ ಕೆಲಸನೆಲ್ಲಾ ನೀರಿಗೆ ವಹಿಸಿದ್ರಿಂದ ಗೋಡೆಗೆ ದೊಡ್ಡ ದೊಡ್ಡ ಕಿಟಕಿ ಇಡೋಕಾಯ್ತು. ಮೂರು ಕಡೆ ಕಟ್ಟಡ ತಗ್ಗಿಸಿ, ವಾಸದ ಭಾಗನ ಮಾತ್ರ ಎತ್ತರಿಸಿದಾರೆ, ಅಂಗಳಕ್ಕೆ ಬಿಸಿಲು ಧಾರಾಳ. ಹಾಗಂತ ಇದು ರಾಜನ ಸೈನ್ಯ ತಡೆಯೋ ಕೋಟೆ ಅಂತ ನಂಗನ್ಸಲ್ಲ, ಊರೂರು ದೋಚೋ ಗುಂಪುಗಳಿಗೆ ಸಾಕು, ಉಳಿದದ್ದೆಲ್ಲ ಶೋಕಿ.

ಈ ಮನೆ ಕಟ್ಟಿರೋ ಬಿಳಿ ಕಲ್ಲಿಂದೂ ಒಂದು ಕಥೆ ಇದೆ. ತುಫೋ ಅಂತಾರೆ, ಸುಮಾರು 9 ಕೋಟಿ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಕೂತ ಸುಣ್ಣಕಲ್ಲು. ಗರಗಸದಲ್ಲೇ ಕುಯ್ಯಬಹುದು, ಅಷ್ಟು ಮೆತ್ತಗೆ. ಆದ್ರೆ ಒಳಗೆಲ್ಲ ಸಣ್ಣ ರಂಧ್ರ, ನೀರು ಹೀರ್ಕೊಂಡು ಹಿಗ್ಗಿ ಕುಗ್ಗಿ ಪದರ ಪದರ ಉದುರತ್ತೆ, ಹಾಗಾಗಿ ಇಂಥ ಮನೆಗಳಿಗೆ ರಿಪೇರಿ ಮುಗಿಯೋದೇ ಇಲ್ಲ.

ಒಳಗೆ ಕಾವಲುಗಾರರ ಕೋಣೆಯ ಮರದ ಸೂರಿನಲ್ಲಿ 15ನೇ ಶತಮಾನದ ಚಿತ್ರಗಳಿವೆ. ಅದ್ರಲ್ಲೊಂದು ಶಿಶ್‌ಫಾಸ್ ಅನ್ನೋ ಪ್ರಾಣಿ, ಗಂಡನ ಮಾತು ಮೀರದ ಹೆಂಡ್ತೀರನ್ನ ಮಾತ್ರ ತಿನ್ನತ್ತಂತೆ, ಅಂಥೋರು ಸಿಗದೆ ಎಲುಬು ಬಿಟ್ಕೊಂಡು ನಿಂತಿದೆ. ಕೆಲವರು ಈ ಚಿತ್ರಗಳಲ್ಲಿ ಚಿನ್ನ ಮಾಡೋ ರಸವಿದ್ಯೆ ಗುಟ್ಟು ಹುಡುಕ್ತಾರೆ. ನಂಗಂತೂ ಅವು ಆ ಕಾಲದ ಗಾದೆ, ಪೋಲಿ ಜೋಕುಗಳ ಥರಾನೇ ಕಾಣ್ಸತ್ತೆ.