ಲ್ಯಾಪ್‌ಟಾಪಿನ ಮಳೆ ಲೆಕ್ಕ ರಾಸ್ಬೆರಿ ಪೈಗೆ ಹೋದಾಗ

ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು, ಸೆಂಟ್ ಲೆಕ್ಕದಲ್ಲೇ ಬರೆದಿಡುತ್ತಾರೆ. ನೂರು ಸೆಂಟ್ ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಈ ಲೆಕ್ಕಕ್ಕೆಂದು ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಒಂದು ಲ್ಯಾಪ್‌ಟಾಪಿನಲ್ಲಿದೆ ಎನ್ನಿ. ಮಳೆಗಾಲದಲ್ಲಿ ಕರೆಂಟ್ ಹೋದರೂ ಸಣ್ಣ ಬ್ಯಾಟರಿಯಲ್ಲಿ ನಡೆಯಲಿ ಎಂದು ಅದನ್ನು ರಾಸ್ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗೆ ಸಾಗಿಸಬೇಕು.

ಫೈಲನ್ನು ಹಾಗೇ ಕಾಪಿ ಮಾಡಿದರೆ 'ಎಕ್ಸೆಕ್ ಫಾರ್ಮ್ಯಾಟ್ ಎರರ್' ಎಂದು ನಿಲ್ಲುತ್ತದೆ. ಲ್ಯಾಪ್‌ಟಾಪಿನದು ಎಕ್ಸ್86 ಪ್ರೊಸೆಸರ್, ಪೈಯದು ಆರ್ಮ್. ಒಂದರ ಆದೇಶಗಳು ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ಮೂಲ ಕೋಡ್ ಕೈಯಲ್ಲಿದ್ದರೆ ಪೈ ಮೇಲೆಯೇ ಮತ್ತೆ ಕಂಪೈಲ್ ಮಾಡಿದರಾಯಿತು, ಅಂದರೆ ಅದನ್ನು ಪೈಗೆ ಅರ್ಥವಾಗುವ ಆದೇಶಗಳಿಗೆ ತಿರುಗಿಸಿದರಾಯಿತು. ಇದು ಸುಲಭದ ಭಾಗ, ಏಕೆಂದರೆ ತಪ್ಪು ಕಣ್ಣಿಗೆ ಕಾಣುತ್ತದೆ.

ನಿಜವಾದ ಅಪಾಯ ಕಂಪೈಲ್ ಆದ ಮೇಲೆ. ಪ್ರತಿ ದಿನದ ದಾಖಲೆಯಲ್ಲಿ ಎರಡು ಅಂಕಿಗಳಿವೆ: ದಿನಾಂಕ 'ಲಾಂಗ್' ಆಗಿ, ಮಳೆಯ ಸೆಂಟ್ 'ಇಂಟ್' ಆಗಿ. ಇವು ಸಿ ಭಾಷೆಯಲ್ಲಿ ಅಂಕಿ ಇಡುವ ಎರಡು ವಿಧಗಳು. ಲ್ಯಾಪ್‌ಟಾಪಿನ ಓಎಸ್ (ಕಾರ್ಯಾಚರಣಾ ವ್ಯವಸ್ಥೆ) ಆದ 64 ಬಿಟ್ ಲಿನಕ್ಸ್‌ನಲ್ಲಿ ಲಾಂಗ್‌ಗೆ 8 ಬೈಟ್, ಇಂಟ್‌ಗೆ 4. ಮುಂದಿನ ದಾಖಲೆ 8 ಬೈಟ್‌ನ ಗಡಿಯಲ್ಲೇ ಶುರುವಾಗಲಿ ಎಂದು ಕಂಪೈಲರ್ ಇನ್ನೂ 4 ಬೈಟ್ ಖಾಲಿ ಬಿಡುತ್ತದೆ. ಒಟ್ಟು 16. ಪೈಯಲ್ಲಿ 32 ಬಿಟ್ ಓಎಸ್ ಇದ್ದರೆ ಲಾಂಗ್‌ಗೆ ನಾಲ್ಕೇ ಬೈಟ್, ಹಾಗಾಗಿ ದಾಖಲೆ 8 ಬೈಟ್‌ಗೇ ಮುಗಿಯುತ್ತದೆ. ಹಳೆಯ ಫೈಲ್ ತೆರೆದರೆ ಮೊದಲ ಸಾಲಿನಲ್ಲಿ ದಿನಾಂಕ ಸರಿಯಾಗೇ ಬರುತ್ತದೆ, ಮಳೆ ಮಾತ್ರ ಸೊನ್ನೆ, ಏಕೆಂದರೆ ದಿನಾಂಕದ ಉಳಿದರ್ಧದ ಸೊನ್ನೆಗಳನ್ನೇ ಪೈ ಮಳೆ ಎಂದು ಓದುತ್ತದೆ. ಎರಡನೇ ಸಾಲಿನಲ್ಲಿ ದಿನಾಂಕದ ಜಾಗದಲ್ಲಿ 345 ಕೂತಿರುತ್ತದೆ. ಅದೇ ಮೊದಲ ದಿನ ಸುರಿದ ಮೂರು ಇಂಚು 45 ಸೆಂಟ್ ಮಳೆ! ಪ್ರೋಗ್ರಾಂ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಒಂದೇ ಬೈಟ್‌ನ ಸಣ್ಣ ವಿಧವಾದ 'ಚಾರ್' ಇನ್ನೂ ಮೋಸದ್ದು. ಎಕ್ಸ್86 ಲಿನಕ್ಸ್‌ನಲ್ಲಿ ಅದು −128ರಿಂದ 127, ಆರ್ಮ್ ಲಿನಕ್ಸ್‌ನಲ್ಲಿ 0ಯಿಂದ 255. ದಿನದಿಂದ ದಿನಕ್ಕೆ ಉಷ್ಣಾಂಶದ ವ್ಯತ್ಯಾಸವನ್ನೂ ಅದರಲ್ಲಿ ಇಡುತ್ತಿದ್ದೀರಿ ಎನ್ನಿ; ನಿನ್ನೆಗಿಂತ ಇಂದು ಮೂರು ಡಿಗ್ರಿ ತಂಪಾಗಿದ್ದರೆ ಬರಬೇಕಾದ −3, ಪೈಯಲ್ಲಿ 253 ಆಗಿ ಕೂರುತ್ತದೆ. ಸಿ ಭಾಷೆಯ ನಿಯಮವೇ ಇದನ್ನು ಕಂಪೈಲರ್‌ಗೆ ಬಿಟ್ಟಿದೆ, ಹಾಗಾಗಿ ಪ್ರೊಸೆಸರನ್ನು ಬೈದು ಫಲವಿಲ್ಲ.

ಇವೆರಡಕ್ಕೂ ಮದ್ದು 1999ರ ಸಿ ಮಾನಕದಲ್ಲೇ ಇದೆ: 'ಇಂಟ್8_ಟಿ', 'ಇಂಟ್32_ಟಿ' ಎಂದು ಅಳತೆಯನ್ನು ಹೆಸರಿನಲ್ಲೇ ಹೇಳುವ ವಿಧಗಳು. ಅಂಕಿ ಇಡಲು ಚಾರ್, ಲಾಂಗ್ ಬಳಸಿರುವಲ್ಲೆಲ್ಲ ಇವನ್ನು ಹಾಕಿ. ದಾಖಲೆಯನ್ನು ಮೆಮೊರಿಯಲ್ಲಿ ಇದ್ದಂತೆಯೇ ಫೈಲಿಗೆ ಸುರಿಯಬೇಡಿ. ದಿನಾಂಕ, ಅಲ್ಪವಿರಾಮ, ಸೆಂಟ್ ಎಂದು ಸಾದಾ ಪಠ್ಯವಾಗಿ ಬರೆಯಿರಿ. ಫೈಲ್ ದೊಡ್ಡದಾದೀತೆಂಬ ಚಿಂತೆ ಬೇಡ, ದಿನಕ್ಕೊಂದೇ ಸಾಲು. ವರ್ಷಕ್ಕೆ 365 ಸಾಲು ಯಾವ ಯಂತ್ರಕ್ಕೂ ಭಾರವಲ್ಲ.

ಹಳೆಯ ದಾಖಲೆಗಳನ್ನು ಪಠ್ಯಕ್ಕೆ ತಿರುಗಿಸುವ ಕೆಲಸ ಹಳೆಯ ಲ್ಯಾಪ್‌ಟಾಪಿನಲ್ಲೇ ಆಗಲಿ, ಅವುಗಳನ್ನು ಬರೆದದ್ದು ಅದೇ, ಸರಿಯಾಗಿ ಓದುವುದೂ ಅದಕ್ಕೆ ಗೊತ್ತು. ಆಮೇಲೆ ಜುಲೈ ತಿಂಗಳ ಒಟ್ಟು ಮಳೆಯನ್ನು ಎರಡೂ ಕಡೆ ತೆಗೆದು, ತೋಟದ ಮಳೆ ಪುಸ್ತಕದ ಜೊತೆ ತಾಳೆ ನೋಡಿ. ಒಂದು ಸೆಂಟ್ ವ್ಯತ್ಯಾಸ ಬಂದರೂ ಲ್ಯಾಪ್‌ಟಾಪನ್ನು ಇನ್ನೂ ಅಟ್ಟಕ್ಕೆ ಹಾಕಬೇಡಿ.